ಪ್ರಾಜೆಕ್ಟ್ ಮುಗಿದರೂ ಸಂಘ ಉಳಿಯಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕೂಲಿ ಬಿಟ್ಟು ಬಂದಿದ್ದೀರಿ. “ಸಿಸ್ಟರ್, ಪ್ರಾಜೆಕ್ಟ್ ಮುಗಿದ ಮ್ಯಾಲ ನಮ್ಮ ಗತಿ ಏನ್ರಿ?” ಅಂತ ಒಬ್ಬ ತಾಯಿ ಕೇಳಿದರು. ಇವತ್ತು ಅದನ್ನೇ ಮಾತಾಡೋಣ.

ನಮ್ಮಂಥ ಸಂಸ್ಥೆಗಳಿಗೆ ಬರುವ ರೊಕ್ಕಕ್ಕೆ ಅವಧಿ ಇರುತ್ತದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ, ಒಂದು ಸಂಸ್ಥೆ ಆ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ; ಆಡಳಿತ ಖರ್ಚು ಶೇ. 20 ಮೀರುವಂತಿಲ್ಲ. ನಮ್ಮ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಆದರೆ ಯಾವ ಕೆಲಸಕ್ಕೆ ಅಂತ ತೀರ್ಮಾನಿಸುವವರು ಅವರೇ.

ಸರಕಾರದ ಸಹಾಯ ಪಡೆಯಲು ನಿಮಗೆ ಹಕ್ಕಿದೆ, ಕೇಳಿರಿ. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. 2000ರಲ್ಲಿ ಸ್ತ್ರೀಶಕ್ತಿ ಬಂತು. ಸುತ್ತುನಿಧಿ ಕೊಡುವಾಗ ನೋಡುವುದು ಪಂಚಸೂತ್ರ: ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪುಸ್ತಕ.

ಹಿಂದೆ ನಾವೇ ಒಂದು ತಪ್ಪು ಮಾಡಿದೆವು. ಒಂದು ಸಂಘದ ಲೆಕ್ಕವನ್ನು ನಮ್ಮ ಕಾರ್ಯಕರ್ತೆಯೇ ಬರೆಯುತ್ತಿದ್ದಳು. ಪ್ರಾಜೆಕ್ಟ್ ಮುಗಿಯಿತು, ಅವಳು ಹೋದಳು. ಯಾರ ಸಾಲ ಎಷ್ಟು ಅಂತ ಯಾರಿಗೂ ತಿಳಿಯಲಿಲ್ಲ. ಜಗಳವಾಗಿ ಸಂಘ ಒಡೆಯಿತು. ಆ ನೋವು ನನಗೆ ಇನ್ನೂ ಇದೆ.

ಆದ್ದರಿಂದ ಬರುವ ವಾರದಿಂದ ಪುಸ್ತಕ ನೀವೇ ಬರೆಯಿರಿ. ಬರೆಯಲು ಬಾರದಿದ್ದರೆ ಮಗಳಿಂದ ಬರೆಸಿ; ಆದರೆ ಸಭೆಯಲ್ಲಿ ಎಲ್ಲರೂ ಕೇಳುವಂತೆ ಓದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿ. ನಾವು ಇವತ್ತು ಇರ್ತೀವಿ, ನಾಳೆ ಹೋಗ್ತೀವಿ. ಸಂಘ ನಿಮ್ಮದು.