ಸೇವಾ ಸಂಸ್ಥೆಗಳು ಮತ್ತು ನಮ್ಮ ಶಾಲೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಪೋಷಕರ, ಹಳೆಯ ವಿದ್ಯಾರ್ಥಿಗಳ ಹಾಗೂ ಸೇವಾ ಸಂಸ್ಥೆಗಳ ಪ್ರತಿನಿಧಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಸೇವಾ ಸಂಸ್ಥೆಗಳಿಗೆ ಕೃತಜ್ಞತೆ ಸಲ್ಲಿಸುವ ಕಾರ್ಯವನ್ನು ವಂದನಾರ್ಪಣೆಯವರು ನೆರವೇರಿಸಲಿದ್ದಾರೆ. ಆದಕಾರಣ ನಾವು ಈ ವೇಳೆಯನ್ನು ಬೇರೊಂದು ವಿಚಾರಕ್ಕೆ ಬಳಸಿಕೊಳ್ಳುತ್ತೇವೆ. ಈ ಸಂಸ್ಥೆಗಳು ಏನು, ಹೇಗೆ ಕೆಲಸ ಮಾಡುತ್ತವೆ, ನೂರು ತುಂಬಿದ ಶಾಲೆಯೊಂದು ಅವುಗಳಿಂದ ಏನನ್ನು ಕೇಳಬೇಕು, ಅವುಗಳಿಗೆ ಏನನ್ನು ಕೊಡಬಲ್ಲುದು ಎಂಬುದೇ ಆ ವಿಚಾರ.

ನಮ್ಮ ಶಾಲೆ ಆರಂಭವಾದಾಗ ಹೊಸೂರು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾದರೂ ಶಾಲೆಯೊಳಗಿನ ಭಾಷೆ ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುತ್ತ ಬೆಳೆದ ಮಕ್ಕಳು ಇಲ್ಲಿ ಓದಿದರು, ಇಂದಿಗೂ ಓದುತ್ತಿದ್ದಾರೆ. ಇಂಥ ಶಾಲೆಗೆ ಸರ್ಕಾರದ ಆಸರೆಯ ಜೊತೆಗೆ ಊರಿನ ಆಸರೆಯೂ ಬೇಕಾಗುತ್ತದೆ. ಊರಿನ ಆಸರೆ ಎಂಬುದು ಇತ್ತೀಚಿನ ದಶಕಗಳಲ್ಲಿ ಬಹುಮಟ್ಟಿಗೆ ಸೇವಾ ಸಂಸ್ಥೆಗಳ ರೂಪದಲ್ಲಿಯೇ ಬರುತ್ತಿದೆ.

ಮಕ್ಕಳಿಗಾಗಿ ಸ್ವಲ್ಪ ಇತಿಹಾಸ ಹೇಳುತ್ತೇವೆ. 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರನ್ನು ಕೂಡಿಸಿಕೊಂಡು ಸಭೆ ನಡೆಸಿದರು. ಆ ಮೂವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಮತ್ತೊಬ್ಬರು ದರ್ಜಿ. ಸಭೆ ಒಮ್ಮೆ ಒಬ್ಬರ ಕಚೇರಿಯಲ್ಲಿ, ಮತ್ತೊಮ್ಮೆ ಇನ್ನೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರು ಬಂದಿತು. 1919ರ ವೇಳೆಗೆ ಅದು ಕಲ್ಕತ್ತೆಗೆ ಬಂದಿತು. ಲಯನ್ಸ್ ಸಂಸ್ಥೆ ಅದೇ ಶಿಕಾಗೋದಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಅವರಿಂದ ಮೊದಲಾಯಿತು. ಕಣ್ಣು ಕಾಣದ, ಕಿವಿ ಕೇಳದ ಹೆಲನ್ ಕೆಲರ್ 1925ರಲ್ಲಿ ಲಯನ್ಸ್ ಸಮಾವೇಶದಲ್ಲಿ ನಿಂತು, ಅಂಧರ ಪರವಾಗಿ ದುಡಿಯಿರೆಂದು ಕೇಳಿಕೊಂಡರು. ಇಂದು ನಮ್ಮ ಹಳ್ಳಿಗಳಲ್ಲಿ ನಡೆಯುವ ಲಯನ್ಸ್ ನೇತ್ರ ಶಿಬಿರಗಳ ಬೇರು ಆ ಕೋರಿಕೆಯಲ್ಲಿದೆ.

ಇದೆಲ್ಲ ಹೊರಗಿನಿಂದ ಬಂದದ್ದೆಂದು ಯಾರೂ ಭಾವಿಸಬಾರದು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಅಮೆರಿಕದಲ್ಲಿ ಓದಿ ಬಂದು, 1923ರಲ್ಲಿ ಹಿಂದೂಸ್ತಾನೀ ಸೇವಾದಳವನ್ನು ಕಟ್ಟಿ ತರುಣರಿಗೆ ಶಿಸ್ತನ್ನೂ ಸೇವೆಯನ್ನೂ ಕಲಿಸಿದರು. ಅದಕ್ಕೂ ಬಹಳ ಹಿಂದೆಯೇ ನಮ್ಮ ಹಿರಿಯರು ದಾರಿಹೋಕರಿಗೆ ಅರವಟ್ಟಿಗೆ ಇಟ್ಟರು, ಗುಂಡುತೋಪು ನೆಟ್ಟರು, ಕೆರೆ ಕಟ್ಟಿಸಿದರು. ಕೆರೆಯ ವಿಷಯದಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಕನ್ನಡ ಶಾಸನಗಳನ್ನು ಓದಿದವರಿಗೆ ‘ಕೆರೆಗೊಡಗೆ’ ಎಂಬ ಮಾತು ಪರಿಚಿತ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಯದು. ಏರಿ ಒಡೆದರೆ ಮಣ್ಣು ಹಾಕುವವರು ಯಾರು, ಹೂಳು ತುಂಬಿದರೆ ತೆಗೆಯುವವರು ಯಾರು, ಅವರ ಹೊಟ್ಟೆಪಾಡು ಯಾವುದರಿಂದ ಎಂಬುದನ್ನು ದಾನ ಕೊಡುವ ದಿನವೇ ಯೋಚಿಸಿ ಕಲ್ಲಿನ ಮೇಲೆ ಬರೆಸುತ್ತಿದ್ದರು.

ಸೇವಾ ಸಂಸ್ಥೆಗಳ ಹಿರಿಯರ ಮುಂದೆ ನಾವು ಇಂದು ಇಡುವ ಮುಖ್ಯ ಕೋರಿಕೆ ಇದೇ. ಕೆರೆಯ ಜೊತೆಗೆ ಕೆರೆಗೊಡಗೆಯೂ ಬರಲಿ.

ಕುಡಿಯುವ ನೀರಿನ ಉದಾಹರಣೆ ತೆಗೆದುಕೊಳ್ಳೋಣ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಸಂಕಟ. ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾಗುತ್ತ ಬಂದಂತೆ ಬಗ್ಗದ ಬೆನ್ನು, ನೋಯುವ ಮಂಡಿ ನಮ್ಮ ಕಡೆಯ ಅನೇಕ ಹಳ್ಳಿಗಳಿಗೆ ಹೊಸತಲ್ಲ. ಇದಕ್ಕಾಗಿಯೇ ತಮಿಳುನಾಡು ಸರ್ಕಾರ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯನ್ನು ಕೈಗೊಂಡಿತು, 2013ರಲ್ಲಿ ಅದು ಉದ್ಘಾಟನೆಯಾಯಿತು. ಆದರೂ ಕೊಳವೆಬಾವಿಯ ನೀರನ್ನೇ ನೆಚ್ಚಿಕೊಂಡ ಕಡೆಗಳು ಇನ್ನೂ ಇವೆ. ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ನೀರು ಮಕ್ಕಳ ಬೆಳೆಯುವ ಹಲ್ಲಿಗೂ ಎಲುಬಿಗೂ ಕೇಡು. ನೀರನ್ನು ಕಾಯಿಸಿದರೆ ಸಾಕೆಂದು ತಿಳಿದ ತಾಯಂದಿರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಆರ್.ಓ. ಯಂತ್ರ ಅದನ್ನು ತೆಗೆಯಬಲ್ಲುದು.

ಸೇವಾ ಸಂಸ್ಥೆಗಳು ಅನೇಕ ಶಾಲೆಗಳಿಗೆ ಆರ್.ಓ. ಯಂತ್ರ ಕೊಡುತ್ತವೆ. ಅದು ದೊಡ್ಡ ಉಪಕಾರ. ಆದರೆ ಯಂತ್ರದೊಳಗಿನ ಪೊರೆಯನ್ನೂ ಫಿಲ್ಟರುಗಳನ್ನೂ ಕಾಲಕಾಲಕ್ಕೆ ಬದಲಿಸಬೇಕು, ಅದಕ್ಕೆ ಹಣ ಬೇಕು, ಕರೆದಾಗ ಬರುವ ಕೆಲಸಗಾರ ಬೇಕು. ಇವು ಮೂರೂ ಇಲ್ಲದ ಕಡೆ ಯಂತ್ರ ಗೋಡೆಯ ಮೇಲೆ ಉಳಿಯುತ್ತದೆ, ಅದರ ಮೇಲಿನ ಫಲಕ ಹೊಳೆಯುತ್ತಲೇ ಇರುತ್ತದೆ, ಮಕ್ಕಳು ಮಾತ್ರ ಮತ್ತೆ ಕೊಳಾಯಿಗೇ ಹೋಗುತ್ತಾರೆ. ಈ ಸೀಮೆಯ ಶಾಲೆಗಳನ್ನು ಸುತ್ತಿ ನೋಡಿದ ಯಾವ ಶಿಕ್ಷಕರಿಗೂ ಈ ಚಿತ್ರ ಅಪರಿಚಿತವಲ್ಲ. ಆದ್ದರಿಂದ ನಾವು ಕೇಳುವುದು ಇಷ್ಟು: ಮುಂದೆ ಯಾವ ಯಂತ್ರ ಕೊಟ್ಟರೂ ಮೂರು ವರ್ಷಗಳ ನಿರ್ವಹಣೆಯ ಒಪ್ಪಂದವನ್ನು ಸೇರಿಸಿಯೇ ಕೊಡಿ. ಹಣ ಸಾಲದಿದ್ದರೆ ಎರಡು ಯಂತ್ರಗಳ ಬದಲು ಒಂದನ್ನೇ ಕೊಡಿ, ನಮಗೆ ಕಿಂಚಿತ್ತೂ ಬೇಸರವಿಲ್ಲ. ನಮ್ಮ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇವೆ. ವರ್ಷಕ್ಕೆರಡು ಬಾರಿ, ಬೇಸಿಗೆಯಲ್ಲೊಮ್ಮೆ ಮಳೆಗಾಲದ ನಂತರ ಇನ್ನೊಮ್ಮೆ, ಶಾಲೆಯ ನೀರನ್ನು ಪರೀಕ್ಷೆಗೆ ಕಳುಹಿಸಿ ಅದರ ಫಲಿತಾಂಶವನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಪೋಷಕರು ಬಂದು ಓದಬೇಕು, ಅರ್ಥವಾಗದಿದ್ದರೆ ಕೇಳಬೇಕು.

ಈ ಸಂಸ್ಥೆಗಳ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ ಎಂಬುದು ಪೋಷಕರಲ್ಲಿ ಅನೇಕರಿಗೆ ತಿಳಿದಿರಲಾರದು. ಪ್ರತಿವರ್ಷ ಅಧ್ಯಕ್ಷರು ಬದಲಾಗುತ್ತಾರೆ. ಪದಗ್ರಹಣ ಸಮಾರಂಭಗಳ ಆಹ್ವಾನ ಪತ್ರಿಕೆಗಳು ಜೂನ್, ಜುಲೈ ತಿಂಗಳುಗಳಲ್ಲಿ ಮಳೆಯಂತೆಯೇ ಬರುವುದು ಇದೇ ಕಾರಣಕ್ಕೆ. ಹೊಸಬರಿಗೆ ಅವಕಾಶ ದೊರೆಯುವುದು ಒಳ್ಳೆಯದೇ. ಆದರೆ ಒಬ್ಬ ಅಧ್ಯಕ್ಷರು ಮಾರ್ಚ್ ತಿಂಗಳಲ್ಲಿ ಬಾಯಿಮಾತಿನಲ್ಲಿ ಆಡಿದ ಭರವಸೆ ಆಗಸ್ಟಿನಲ್ಲಿ ಯಾರದೂ ಆಗಿರುವುದಿಲ್ಲ. ಆದಕಾರಣ ಶಾಲಾ ನಿರ್ವಹಣಾ ಸಮಿತಿಯ ಸದಸ್ಯರು ಪ್ರತಿ ಕೋರಿಕೆಯನ್ನೂ ಬರವಣಿಗೆಯಲ್ಲಿ, ಅಂದಾಜು ವೆಚ್ಚದೊಂದಿಗೆ, ಮೇ ತಿಂಗಳೊಳಗೆ ಸಿದ್ಧಪಡಿಸಿ, ಈಗಿನ ಅಧ್ಯಕ್ಷರಿಗೂ ಮುಂದೆ ಬರಲಿರುವವರಿಗೂ ಒಟ್ಟಿಗೆ ತಲುಪಿಸಬೇಕೆಂದು ನಮ್ಮ ಸಲಹೆ.

ಇನ್ನು ಕಣ್ಣಿನ ವಿಷಯ. ಕರಿಹಲಗೆ ಕಾಣಿಸದ ಮಗು ಎಂದೂ ತಾನಾಗಿ ಹೇಳುವುದಿಲ್ಲ. ತನಗೆ ಕಾಣುವಷ್ಟೇ ಎಲ್ಲರಿಗೂ ಕಾಣುತ್ತದೆ ಎಂದು ಅದು ನಂಬಿರುತ್ತದೆ. ಪಕ್ಕದವರ ಪುಸ್ತಕ ನೋಡಿ ಬರೆದುಕೊಂಡು ದಡ್ಡನೆಂಬ ಹೆಸರನ್ನು ಹೊತ್ತುಕೊಳ್ಳುತ್ತದೆ. ಶಿಬಿರಕ್ಕೆ ಬರುವ ವೈದ್ಯರಲ್ಲಿ ನಮ್ಮ ವಿನಂತಿ ಎಂದರೆ, ಸಣ್ಣ ತರಗತಿಗಳಿಗೆ ಇಂಗ್ಲಿಷ್ ಅಕ್ಷರಗಳ ಫಲಕ ತರಬೇಡಿ. ಅಕ್ಷರ ಗೊತ್ತಿಲ್ಲದೆ ಸುಮ್ಮನಿದ್ದ ಮಗುವಿಗೆ ದೃಷ್ಟಿದೋಷವೆಂದು ಬರೆದುಬಿಡುವ ಅಪಾಯವಿದೆ. ನಾಲ್ಕು ದಿಕ್ಕಿಗೆ ತಿರುಗಿಸಿದ ‘ಇ’ ಅಕ್ಷರದ ಫಲಕವೊಂದಿದೆ, ಮಗು ಬೆರಳಿನಿಂದ ದಿಕ್ಕು ತೋರಿಸಿದರೆ ಸಾಕು, ಯಾವ ಭಾಷೆಯೂ ಬೇಡ. ಬರುವ ಅಕ್ಟೋಬರಿನ ಎರಡನೆಯ ಗುರುವಾರ, ಅಂದರೆ ವಿಶ್ವ ದೃಷ್ಟಿ ದಿನದಂದು, ಎಲ್ಲ ತರಗತಿಗಳಿಗೂ ಈ ಪರೀಕ್ಷೆ ನಡೆಯಲಿದೆ. ಕನ್ನಡಕ ಬಂದ ಮೇಲೆ ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡುವ ಪೋಷಕರೂ ಇದ್ದಾರೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಹೆಚ್ಚು. ದಯಮಾಡಿ ಹಾಕಿಸಿ.

ಪುಸ್ತಕಗಳ ವಿಚಾರವನ್ನೂ ಮರೆಯುವಂತಿಲ್ಲ. ರೋಟರಿಯವರು ಸೆಪ್ಟೆಂಬರ್ ತಿಂಗಳನ್ನು ಮೂಲಶಿಕ್ಷಣ ಮತ್ತು ಸಾಕ್ಷರತೆಗೆ ಮೀಸಲಿಟ್ಟಿದ್ದಾರೆ. ಆ ತಿಂಗಳು ಶಾಲೆಗಳಿಗೆ ಪುಸ್ತಕಗಳು ಬರುತ್ತವೆ. ಇಲ್ಲಿನ ಅಂಗಡಿಗಳಲ್ಲಿ ದೊರೆಯುವುದು ತಮಿಳು, ಇಂಗ್ಲಿಷ್ ಪುಸ್ತಕಗಳಾದ್ದರಿಂದ ದಾನಿಗಳು ಅವನ್ನೇ ತರುತ್ತಾರೆ. ಅವೂ ಬೇಕು, ನಮ್ಮ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯಲೇಬೇಕು, ಈ ನಾಡಿನಲ್ಲಿ ಬದುಕುವವರಿಗೆ ಅದು ಹಕ್ಕೂ ಹೌದು, ಹೊಣೆಯೂ ಹೌದು. ಆದರೆ ಪಠ್ಯಪುಸ್ತಕದ ಹೊರಗೆ ಒಂದು ಕನ್ನಡ ಕಥೆಪುಸ್ತಕವನ್ನೂ ಮುಟ್ಟದೆ ಕನ್ನಡ ಶಾಲೆಯಿಂದ ಹೊರಬೀಳುವ ಮಗುವಿಗೆ, ಕನ್ನಡವೆಂದರೆ ಪರೀಕ್ಷೆಯ ಭಾಷೆಯೆಂದೇ ತೋರುತ್ತದೆ. ಅತ್ತಿಬೆಲೆಯ ಗಡಿ ದಾಟಿದರೆ ಕನ್ನಡ ಪುಸ್ತಕಗಳಿಗೆ ಬರವಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಸೇವಾ ಸಂಸ್ಥೆಗಳಿಗೂ ಇಲ್ಲಿನವುಗಳಿಗೂ ನಡುವೆ ಸೇತುವೆಯಾಗಬಲ್ಲರು. ಪಟ್ಟಿ ನಾವು ಕೊಡುತ್ತೇವೆ. ಮನೆಯಲ್ಲಿ ಬೇಡವಾದದ್ದನ್ನು ಮೂಟೆ ಕಟ್ಟಿ ಕಳುಹಿಸದೆ, ಪಟ್ಟಿಯಲ್ಲಿರುವುದನ್ನು ಕೊಂಡು ಕಳುಹಿಸಬೇಕೆಂದು ಸಲುಗೆಯಿಂದಲೇ ಹೇಳುತ್ತೇವೆ.

ಇಷ್ಟು ಹೊತ್ತು ಕೇಳುವ ಮಾತಾಯಿತು. ಕೊಡುವ ಮಾತು ಇನ್ನು ಮುಂದಿನದು, ನಮಗೆ ಹೆಚ್ಚು ಮುಖ್ಯವೆಂದು ತೋರುವುದೂ ಅದೇ. ದಾನ ಸ್ವೀಕರಿಸುವ ಸಾಲಿನಲ್ಲಿ ನಿಂತು, ಛಾಯಾಚಿತ್ರಕ್ಕೆ ಮುಖ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಹೋಗುವ ಮಗು ಏನನ್ನು ಕಲಿಯುತ್ತದೆ? ತಾನು ಬಡ ಶಾಲೆಯ ಮಗು ಎಂಬುದನ್ನು. ವರ್ಷಕ್ಕೆ ನಾಲ್ಕು ಬಾರಿ ಈ ಪಾಠ ನಡೆದರೆ ಅದು ಯಾವ ಪಠ್ಯಕ್ಕಿಂತಲೂ ಆಳವಾಗಿ ಇಳಿಯುತ್ತದೆ. ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಸೇರಿಸಲು ಹಿಂಜರಿಯುವ ಪೋಷಕರ ಮನಸ್ಸಿನಲ್ಲಿಯೂ ಇದೇ ಚಿತ್ರವಿದೆ. ಆದ್ದರಿಂದ ಈ ನೂರನೆಯ ವರ್ಷದಿಂದ ನಮ್ಮ ಮಕ್ಕಳು ಕೊಡುವವರ ಸಾಲಿನಲ್ಲಿಯೂ ನಿಲ್ಲಬೇಕೆಂದು ಶಿಕ್ಷಕರೆಲ್ಲರೂ ಸೇರಿ ನಿಶ್ಚಯಿಸಿದ್ದೇವೆ.

ಇದಕ್ಕೆ ದಾರಿ ಇದೆ. 12ರಿಂದ 18 ವರ್ಷದ ಮಕ್ಕಳಿಗಾಗಿ ರೋಟರಿಯವರದೇ ಇಂಟರಾಕ್ಟ್ ಎಂಬ ಸಂಘವಿದೆ, 1962ರಲ್ಲಿ ಅಮೆರಿಕದ ಒಂದು ಪ್ರೌಢಶಾಲೆಯಲ್ಲಿ ಅದು ಮೊದಲಾಯಿತು. ಊರಿನ ರೋಟರಿ ಸಂಸ್ಥೆ ಅದಕ್ಕೆ ಪೋಷಕನಾಗಿ ನಿಲ್ಲುತ್ತದೆ, ಪದಾಧಿಕಾರಿಗಳು ಮಕ್ಕಳೇ. ವರ್ಷಕ್ಕೆ ಕನಿಷ್ಠ ಎರಡು ಸೇವಾಕಾರ್ಯಗಳನ್ನು ಮಾಡಬೇಕು, ಒಂದು ಶಾಲೆಗೆ ಅಥವಾ ಊರಿಗೆ, ಇನ್ನೊಂದು ಹೊರನಾಡಿನವರನ್ನು ಅರಿಯುವುದಕ್ಕೆ. ಮೂರು ಭಾಷೆಗಳನ್ನು ಆಡಬಲ್ಲ ನಮ್ಮ ಮಕ್ಕಳಿಗಿಂತ ಇಂಥ ಕೆಲಸಕ್ಕೆ ಯೋಗ್ಯರು ಯಾರು? ಆಸ್ಪತ್ರೆಯ ನೇತ್ರ ಶಿಬಿರಕ್ಕೆ ತಳಿ, ಅಂಚೆಟ್ಟಿ ಕಡೆಯಿಂದ ಬರುವ ಅಜ್ಜಿಗೆ ತಮಿಳಿನಲ್ಲಿ ಹೇಳಿದ್ದು ತಿಳಿಯದಿದ್ದರೆ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಹೇಳಿ, ಕೈಹಿಡಿದು ಕುಳ್ಳಿರಿಸಿ, ಕಣ್ಣಿಗೆ ಔಷಧಿ ಹಾಕುವ ಹೊತ್ತು ತಿಳಿಸಿ ಕಳುಹಿಸಲು ನಮ್ಮ ಒಂಬತ್ತನೆಯ ತರಗತಿಯ ಹುಡುಗಿ ಸಾಕು. ಹಣ ಕೊಟ್ಟರೆ ದೊರೆಯದ ಸೇವೆ ಇದು. ಪೋಲಿಯೋ ಹನಿಯ ಕಾಲವನ್ನು ಹಿರಿಯರು ನೆನೆಯಬಹುದು. 1985ರಲ್ಲಿ ರೋಟರಿ ಆ ಸಂಕಲ್ಪ ತೊಟ್ಟಿತು, ಸರ್ಕಾರದ ಬಲ ಅದಕ್ಕೆ ಕೂಡಿತು, 2011ರ ಜನವರಿಯ ನಂತರ ಭಾರತದಲ್ಲಿ ಕಾಡು ಪೋಲಿಯೋದ ಒಂದು ಪ್ರಕರಣವೂ ಕಾಣಲಿಲ್ಲ, 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ಹಣ, ಲಸಿಕೆಗಳ ಹಿಂದೆ, ಮನೆಮನೆಯ ಬಾಗಿಲಲ್ಲಿ ನಿಂತು ತಾಯಂದಿರಿಗೆ ಅವರ ಮಾತಿನಲ್ಲಿಯೇ ತಿಳಿಹೇಳಿದ ಲಕ್ಷಾಂತರ ಜನರಿದ್ದರು.

ಇಂಟರಾಕ್ಟಿನಲ್ಲಿ ಹುಡುಗಿಯರಿಗೆ ಅರ್ಧದಷ್ಟು ಸ್ಥಾನ ಇರಬೇಕೆಂಬುದು ನಮ್ಮ ಆಗ್ರಹ. ರೋಟರಿಯೇ ಮಹಿಳೆಯರಿಗೆ ಬಾಗಿಲು ತೆರೆದದ್ದು 1989ರಲ್ಲಿ. ನಮ್ಮ ಮಕ್ಕಳು ಅಷ್ಟು ಕಾಯಬೇಕಾಗಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮಾತು. ಅಕ್ಟೋಬರ್ 1 ಸ್ವಯಂಪ್ರೇರಿತ ರಕ್ತದಾನ ದಿನ. ಅಂದು ಶಾಲೆಯ ಸಭಾಂಗಣದಲ್ಲಿ ಶಿಬಿರವಿರುತ್ತದೆ. 18 ತುಂಬಿದವರು, 65 ಮೀರದವರು, 45 ಕಿಲೋಗಿಂತ ಕಡಮೆಯಿಲ್ಲದವರು, ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂ ಇರುವವರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದಾದ್ದರಿಂದ, ಹಿಂದಿನ ದಾನದ ದಿನಾಂಕವನ್ನು ನೆನಪಿಟ್ಟುಕೊಂಡು ಬನ್ನಿ. ಬೆಳಗಿನ ಉಪಾಹಾರ ಮುಗಿಸಿಯೇ ಬರಬೇಕು, ಹಸಿದ ಹೊಟ್ಟೆಯಲ್ಲಿ ಬಂದವರನ್ನು ನಾವೇ ಹಿಂದಿರುಗಿಸುತ್ತೇವೆ.

ರಕ್ತದಾನಿಗಳ ಹೆಸರು ಬರೆಸುವ ಪುಸ್ತಕವೂ, ಬೇಕಾದ ಕನ್ನಡ ಪುಸ್ತಕಗಳ ಪಟ್ಟಿಯೂ ಗ್ರಂಥಾಲಯದ ಮೇಜಿನ ಮೇಲಿವೆ. ಇಂಟರಾಕ್ಟಿಗೆ ಸೇರಬಯಸುವ ಮಕ್ಕಳ ಪೋಷಕರು ಒಪ್ಪಿಗೆ ಪತ್ರವನ್ನು ತರಗತಿ ಶಿಕ್ಷಕರಿಂದ ಪಡೆದು ಶುಕ್ರವಾರದೊಳಗೆ ಹಿಂದಿರುಗಿಸಬೇಕು. ಶುಲ್ಕವೇನೂ ಇಲ್ಲ. ಸಭೆ ಮುಗಿದೊಡನೆ ಹಿಂಬದಿಯ ಜಗಲಿಯಲ್ಲಿ ಕಾಫಿಯ ಏರ್ಪಾಡಿದೆ.