ವ್ಯಾಪಾರಧರ್ಮವೂ ಒಂದು ಸ್ಟೂಲೂ

ಹೋದ ದೀಪಾವಳಿಗೆ ಸೀರೆ ಕೊಳ್ಳಲೆಂದು ಮನೆಯವರೊಡನೆ ನಮ್ಮೂರಿನ ಒಂದು ಜವಳಿ ಅಂಗಡಿಗೆ ಹೋಗಿದ್ದೆ. ಮಾಲೀಕರು ಬಲು ಸಜ್ಜನರು. ಮೆತ್ತನೆಯ ಆಸನ ತೋರಿಸಿ ಕಾಫಿ ತರಿಸಿದರು. ಸೀರೆ ಬಿಡಿಸಿ ತೋರಿಸುತ್ತಿದ್ದ ಹೆಣ್ಣುಮಗಳು ನನ್ನ ಹಳೆಯ ವಿದ್ಯಾರ್ಥಿನಿ. "ಕೂತುಕೊಂಡು ಮಾತಾಡಮ್ಮ" ಎಂದೆ. "ನಮಗೆ ಕೂರೋದಕ್ಕೆ ಇಲ್ಲಿ ಏನಿದೆ, ಮೇಷ್ಟ್ರೇ?" ಎಂದು ನಕ್ಕಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ, ಊಟದ ಹೊತ್ತೊಂದನ್ನು ಬಿಟ್ಟರೆ, ನಿಂತೇ ಇರುತ್ತಾಳಂತೆ. ಮಾಲೀಕರನ್ನು ಕೇಳಿದೆ. "ಕೂರಬೇಡ ಎಂದು ನಾನು ಯಾರಿಗೂ ಹೇಳಿಲ್ಲವಲ್ಲ!" ಎಂದರು. ಅದು ಸುಳ್ಳಲ್ಲ. ಆದರೆ ಗಿರಾಕಿಗಳ ಆಸನ ಬಿಟ್ಟರೆ ಅಲ್ಲಿ ಒಂದು ಸ್ಟೂಲೂ ಇರಲಿಲ್ಲ.

ವ್ಯಾಪಾರದಲ್ಲಿ ಧರ್ಮ ಎಂದೊಡನೆ ನಾವು ತಕ್ಕಡಿಯನ್ನು ನೆನೆಯುತ್ತೇವೆ. ಅಂಗಡಿಯೊಳಗೆ ದುಡಿಯುವವರ ವಿಷಯ ಬಂದರೆ ಮಾತ್ರ ಎಲ್ಲವನ್ನೂ ಮಾಲೀಕರ ಒಳ್ಳೆಯತನಕ್ಕೆ ಬಿಟ್ಟುಬಿಡುತ್ತೇವೆ. ಒಳ್ಳೆಯತನವನ್ನು ಬೇಡಿ ಪಡೆಯಬೇಕು, ನಿಯಮವನ್ನು ಬೇಡಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ತಿಳಿದೇ ಇದೆ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಮಾರಯ್ಯನೇನು ಕೆಟ್ಟವನೆ? ಆ ಮನೆಯಲ್ಲಿ ಇಷ್ಟೇ ಎಂಬ ಒಂದು ಅಳತೆ ಗೊತ್ತಾಗಿತ್ತು, ಅದು ಯಜಮಾನನಿಗೂ ಅನ್ವಯಿಸಿತು.

ಇಂಥ ಅಳತೆಯನ್ನು ದೊಡ್ಡ ಉದ್ಯಮಗಳೂ ತಾವಾಗಿ ಹಾಕಿಕೊಂಡದ್ದುಂಟು. ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ಗೊತ್ತುಮಾಡಿದ್ದು 1912ರಲ್ಲಿ; ವಾರಕ್ಕೆ 48 ಗಂಟೆಯ ಮಿತಿಯಿಟ್ಟ ಕಾರ್ಖಾನೆಗಳ ಕಾಯಿದೆ ಬಂದದ್ದು 1948ರಲ್ಲಿ. ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವಾಗಿತ್ತೆನ್ನಲಾರೆ. 1920ರಲ್ಲೂ 1928ರಲ್ಲೂ ಮುಷ್ಕರಗಳಾದವು. ಕೇರಳದಲ್ಲಿ ಬಂದ ದಾರಿ ಬೇರೆ. ಕೋಳಿಕೋಡಿನ ಅಂಗಡಿಗಳ ಹೆಂಗಸರು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿಗಳ ಕಾಯಿದೆಯನ್ನೇ ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಒಂದು ಸ್ಟೂಲಿಗಾಗಿ ಶಾಸನಸಭೆ ಸೇರಬೇಕಾಯಿತು, ನೋಡಿ!

ಇದನ್ನೆಲ್ಲ ಇನ್ನೊಂದು ದಿನ ಹೋಗಿ ಮಾಲೀಕರಿಗೆ ಹೇಳಿದೆ. "ಹಾಗಾದರೆ ನಿಯಮಗಳನ್ನು ನೀವೇ ಬರೆದುಕೊಡಿ, ಮೇಷ್ಟ್ರೇ" ಎಂದುಬಿಟ್ಟರು. ಕೆಲಸದ ಹೊತ್ತು, ಸಂಬಳದ ದಿನ, ವಾರದ ರಜೆ, ಕೂರುವ ವಿಷಯ, ಇಷ್ಟನ್ನು ಬರೆದೆ. ದೂರು ಯಾರಿಗೆ ಹೇಳಬೇಕೆಂಬುದನ್ನೂ ಸೇರಿಸಿದೆ. ಕೆಲಸದ ಸ್ಥಳದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯಂತೆ ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವೆಡೆ ಒಂದು ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನವರೊಬ್ಬರೂ ಇರಬೇಕು. ಈ ಅಂಗಡಿಯಲ್ಲಿ ಇರುವವರು ಒಂಬತ್ತು ಮಂದಿ. ಅವರ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅಂಥದೊಂದು ಇದೆಯೆಂದೇ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು "ಆಸೀನರಾಗತಕ್ಕದ್ದು" ಎಂದು ಬರೆದಿದ್ದೆ. ಪಂಡಿತರ ಚಾಳಿ! ವಿದ್ಯಾರ್ಥಿನಿ ಅದನ್ನು "ಗಿರಾಕಿಗಳಿಲ್ಲದಾಗ ಕೂರಬಹುದು" ಎಂದು ತಿದ್ದಿದಳು. ಮಾಲೀಕರು ಓದಿ, "ಮಾಲೀಕರ ಅಪ್ಪಣೆ ಪಡೆದು" ಎಂದು ಮೇಲೆ ಸೇರಿಸಿದರು. ನಾನು ಒಪ್ಪಲಿಲ್ಲ. ಅಪ್ಪಣೆ ಬೇಕಾದರೆ ಕಾಗದವೇಕೆ ಸ್ವಾಮಿ, ಎಂದೆ. ಮೂರು ದಿನ ಚರ್ಚೆ ನಡೆಯಿತು. ಕೊನೆಗೆ ಅವರೇ ಆ ಮೂರು ಮಾತುಗಳನ್ನು ಹೊಡೆದುಹಾಕಿ, ಕಾಗದವನ್ನು ಹಾಜರಿ ಪುಸ್ತಕದ ಮೇಲುಗಡೆ ಗೋಡೆಗೆ ಅಂಟಿಸಿದರು.

ಈಗ ಆ ಅಂಗಡಿಯಲ್ಲಿ ನಾಲ್ಕು ಸ್ಟೂಲುಗಳಿವೆ. ಉಳಿದ ಐದರ ಮಾತು ಇನ್ನೂ ನಡೆಯುತ್ತಿದೆ.