ಮಳೆಗಾಲದ ಹಾವಿನ ಮರಿ: ಎತ್ತುವ ಮೊದಲು ತಿಳಿಯಬೇಕಾದುದು

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಗ್ರಾಮ ಪಂಚಾಯತ್‌ಗಳ ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ, ಸದಸ್ಯರೇ,

ಮುಂಗಾರು ಹಿಡಿದ ಮೇಲೆ ಕೊಟ್ಟಿಗೆಯ ಮೂಲೆ, ಹುಲ್ಲಿನ ಕುತ್ರಿ, ಕೆಂಪುಕಲ್ಲಿನ ಪಾಗಾರದ ಸಂದುಗಳಲ್ಲಿ ಗೇಣುದ್ದದ ಹಾವಿನ ಮರಿಗಳು ಕಾಣಿಸಿಕೊಳ್ಳುವುದು ಈ ಸೀಮೆಗೆ ಹೊಸತಲ್ಲ. ಮಂದಾರ್ತಿ, ನೀಲಾವರಗಳ ಸ್ಥಳಪುರಾಣದಲ್ಲಿಯೇ ನಾಗಕನ್ಯೆಯರಿದ್ದಾರೆ. ಹಾಗಾಗಿ ಇಲ್ಲಿಯ ಜನರು ಮರಿಯನ್ನು ಹೊಡೆಯಲು ಹಿಂಜರಿಯುತ್ತಾರೆ, ಅದು ಒಳ್ಳೆಯದೇ. ಆದರೆ ನಾಗಬನಕ್ಕೆ ಬಿಟ್ಟುಬರುವೆವೆಂದು ಹಿರಿಯರೂ, ಡಬ್ಬಿಯಲ್ಲಿಟ್ಟು ಸಾಕುವೆವೆಂದು ಮಕ್ಕಳೂ ಅದನ್ನು ಬರಿಗೈಯಿಂದ ಎತ್ತುವುದರಲ್ಲಿ ಅಪಾಯವಿದೆ.

ಮರಿಗೆ ವಿಷವಿಲ್ಲವೆಂಬ ಮಾತು ಸುಳ್ಳು. ನಾಗರ ಮರಿಯು ಮೊಟ್ಟೆಯೊಡೆದು ಬಂದಾಗಲೇ ಹೆಡೆಯೆತ್ತಬಲ್ಲದು, ಕಚ್ಚಿ ವಿಷವೇರಿಸಬಲ್ಲದು. ಕನ್ನಡಿ ಹಾವು, ಅಂದರೆ ಕೊಳಕುಮಂಡಲವು, ಮರಿಗಳನ್ನೇ ಹೆರುತ್ತದೆ. ಒಂದೇ ಹೆರಿಗೆಯಲ್ಲಿ 20ರಿಂದ 40 ಮರಿಗಳಿರುವುದುಂಟು. ಇವನ್ನು ಹೆಬ್ಬಾವಿನ ಮರಿಗಳೆಂದು ಭಾವಿಸಿ ಕೈಗೆತ್ತಿಕೊಳ್ಳುವುದು ಸಾಮಾನ್ಯವಾದ ತಪ್ಪು. ಕೊಳಕುಮಂಡಲದ ಬೆನ್ನಿನ ಮೇಲೆ ದುಂಡನೆಯ ಕಲೆಗಳು ಸರಪಳಿಯಂತೆ ಸಾಲಾಗಿರುತ್ತವೆ, ಹೆಬ್ಬಾವಿನ ಕಲೆಗಳು ಅಂಕುಡೊಂಕು. ಚಿತ್ರದಲ್ಲಿ ಈ ವ್ಯತ್ಯಾಸ ಸ್ಪಷ್ಟ. ಕೆಸರು ಮೆತ್ತಿದ ಮರಿಯಲ್ಲಿ, ಬ್ಯಾಟರಿ ಬೆಳಕಿನಲ್ಲಿ, ಅಷ್ಟು ಸ್ಪಷ್ಟವಲ್ಲ.

ಕೊಲ್ಲೂರು, ಜಡ್ಕಲ್, ಅಮಾಸೆಬೈಲು, ಹೊಸಂಗಡಿಯಂತಹ ಘಟ್ಟದ ತಪ್ಪಲಿನ ಸದಸ್ಯರು ಇನ್ನೊಂದನ್ನು ಗಮನಿಸಬೇಕು. ಕಾಳಿಂಗದ ಮರಿಗಳು ಮಳೆಗಾಲದಲ್ಲಿಯೇ ಮೊಟ್ಟೆಯೊಡೆಯುತ್ತವೆ. ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳಿಂದ ಅವು ನೋಡಲು ಸುಂದರ. ಪಶ್ಚಿಮ ಘಟ್ಟದ ಕಾಳಿಂಗಕ್ಕೆ 2024ರಲ್ಲಿ ವಿಜ್ಞಾನಿಗಳು ಈ ಕನ್ನಡದ ಹೆಸರನ್ನೇ ಇಟ್ಟರು. ಆದರೆ ಭಾರತದಲ್ಲಿ ದೊರೆಯುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗಾಗಿ ತಯಾರಿಸಲಾಗಿದೆ. ಆ ಪಟ್ಟಿಯಲ್ಲಿ ಕಾಳಿಂಗವಿಲ್ಲ.

ತರಬೇತಿ ಪಡೆದವರೂ ಮರಿಯ ಕತ್ತನ್ನು ಹಿಸುಕಿ ಹಿಡಿಯುವುದಿಲ್ಲ. ಎಲುಬು ಎಳೆಯದು, ಮುರಿಯುತ್ತದೆ. ಬೆರಳಿನ ಸಂದಿನಿಂದ ಅದು ತಿರುಗಿ ಕಚ್ಚಲೂಬಹುದು. ಕೊಕ್ಕೆಯಿಂದ ಮೈಗೆ ಆಸರೆ ಕೊಟ್ಟು, ಚೀಲದ ಬಾಯಿಗೆ ಕಟ್ಟಿದ ಕೊಳವೆಯೊಳಗೆ ಅದು ತಾನಾಗಿ ಹೊಗುವಂತೆ ಮಾಡುತ್ತಾರೆ. ಮನೆಯವರ ಕೆಲಸ ಇದಲ್ಲ. ಮಕ್ಕಳನ್ನೂ ನಾಯಿಯನ್ನೂ ದೂರವಿರಿಸಿ, ಹೊರಬಾಗಿಲು ತೆರೆದು, ಮರಿ ಎತ್ತ ಹೋಯಿತೆಂದು ದೂರದಿಂದ ನೋಡುತ್ತ ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು. ಹಿಡಿಸೂಡಿಯಿಂದ ತಳ್ಳುವ ಧೈರ್ಯವೂ ಬೇಡ. ಅದರ ಹಿಡಿ ತೀರ ಗಿಡ್ಡ.

ಸಾಕುವ ಆಸೆಗೆ ಕಾನೂನಿನ ತಡೆಯೂ ಇದೆ. ನಾಗರ, ಕಾಳಿಂಗ, ಹೆಬ್ಬಾವುಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿವೆ. ಅವನ್ನು ಹಿಡಿದಿಡುವುದಕ್ಕೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ಮೊಟ್ಟೆಗಳನ್ನು ಹಾಳುಮಾಡುವುದನ್ನೂ ಕಾಯ್ದೆ ಬೇಟೆಯೆಂದೇ ಪರಿಗಣಿಸುತ್ತದೆ.

ಕಚ್ಚಿದ್ದೇ ಆದರೆ ಗಾಯ ಚಿಕ್ಕದೆಂದು ಕಾಯಬಾರದು. ಕಟ್ಟುಹಾವಿನ ಕಚ್ಚು ನೋಯುವುದೂ ಇಲ್ಲ, ಗುರುತೂ ಉಳಿಯದು. ಬಳೆ, ಉಂಗುರಗಳನ್ನು ತೆಗೆದು, ಅಂಗವನ್ನು ಅಲುಗಿಸದೆ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, 108ಕ್ಕೆ ಕರೆಮಾಡಿ ಪ್ರತಿವಿಷವಿರುವ ಆಸ್ಪತ್ರೆಗೆ ತಲುಪಿಸಬೇಕು. ಮಗುವಿಗೂ ದೊಡ್ಡವರಷ್ಟೇ ಪ್ರಮಾಣದ ಪ್ರತಿವಿಷ ಬೇಕಾಗುತ್ತದೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವು ಸರ್ಕಾರಕ್ಕೆ ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣವಾಗಿದೆ. ನಾಟಿ ಔಷಧಿಯಲ್ಲೇ ಮುಗಿದ ಪ್ರಕರಣಗಳು ಲೆಕ್ಕಕ್ಕೆ ಸಿಗುವುದಿಲ್ಲ, ಲೆಕ್ಕಕ್ಕೆ ಸಿಗದ ಊರಿಗೆ ಪ್ರತಿವಿಷ ಕೇಳುವುದೂ ಕಷ್ಟ.

ಆದುದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಪ್ರತಿ ಪಂಚಾಯತ್ ಎರಡು ವಿಷಯಗಳನ್ನು ನಿರ್ಣಯಿಸಬಹುದು: ತಮ್ಮ ವ್ಯಾಪ್ತಿಗೆ ಸಮೀಪದಲ್ಲಿ ಪ್ರತಿವಿಷದ ದಾಸ್ತಾನು ಯಾವ ಆಸ್ಪತ್ರೆಯಲ್ಲಿದೆಯೆಂದು ಆರೋಗ್ಯಾಧಿಕಾರಿಯಿಂದ ಲಿಖಿತವಾಗಿ ಪಡೆಯುವುದು, ಹಾಗೂ ಆ ಆಸ್ಪತ್ರೆಯ ಮತ್ತು ವಲಯ ಅರಣ್ಯ ಕಚೇರಿಯ ದೂರವಾಣಿ ಸಂಖ್ಯೆಗಳನ್ನು ಶಾಲೆ, ಅಂಗನವಾಡಿ, ಹಾಲಿನ ಡೈರಿಗಳ ಗೋಡೆಗಳ ಮೇಲೆ ಮಳೆಗೆ ಅಳಿಯದ ಬಣ್ಣದಲ್ಲಿ ಬರೆಸುವುದು.